ಮನೆಯಲ್ಲಿ ಪಾಠ, ಮಧ್ಯಾಹ್ನದ ಊಟ
(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ, ಜುಲೈ 2021)



2020ರ ಮಾರ್ಚ್‌ನಲ್ಲಿ ಮುಚ್ಚಿದ 1ರಿಂದ 5ನೇ ತರಗತಿಗಳ ಕೊಠಡಿಗಳು 2021ರ ಜುಲೈವರೆಗೂ ತೆರೆದಿರಲಿಲ್ಲ. ಮೇಲಿನ ತರಗತಿಗಳು ಕೆಲಕಾಲ ನಡೆದು ಮತ್ತೆ ನಿಂತಿದ್ದವು. ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಬರುತ್ತಿದ್ದವು. ಶಿಕ್ಷಕರು ಮೊಬೈಲ್‌ಗೆ ಅಭ್ಯಾಸಗಳನ್ನು ಕಳುಹಿಸುತ್ತಿದ್ದರು. ಪಾಠ ನಿಲ್ಲಬಾರದೆಂಬ ಕಾಳಜಿ ಎಲ್ಲೆಡೆ ಇತ್ತು. ಆದರೆ ಮಧ್ಯಾಹ್ನದ ಊಟದ ಗಂಟೆಯೂ ಶಾಲೆಯೊಂದಿಗೇ ನಿಂತುಹೋಗಿತ್ತು ಎಂಬುದು ಸಭೆಗಳಲ್ಲಿ ಅಷ್ಟಾಗಿ ಚರ್ಚೆಗೆ ಬರುತ್ತಿರಲಿಲ್ಲ.

ಅಕ್ಷರ ದಾಸೋಹದ ಅಳತೆಯನ್ನು ಒಮ್ಮೆ ನೆನಪಿಸಿಕೊಳ್ಳುವುದು ಒಳ್ಳೆಯದು. 5ನೇ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. 6ರಿಂದ 8ನೇ ತರಗತಿಯವರಿಗೆ 150, 30 ಮತ್ತು 75 ಗ್ರಾಂ. ಇದರ ಮೇಲೆ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲು. ಆಗ ಬಿಸಿಯೂಟದ ಬದಲಿಗೆ ಧಾನ್ಯ ಮತ್ತು ಬೇಳೆ ಮನೆಗೆ ತಲುಪುತ್ತಿದ್ದವು. ತಿಂಗಳಿಗೆ 25 ದಿನವೆಂದು ಲೆಕ್ಕ ಹಿಡಿದರೆ ಕಿರಿಯ ಮಗುವಿನ ಪಾಲು ಎರಡೂವರೆ ಕಿಲೋ ಧಾನ್ಯ, ಅರ್ಧ ಕಿಲೋ ಬೇಳೆ. ಐದಾರು ಜನರಿರುವ ಮನೆಯ ಡಬ್ಬಿಗೆ ಸೇರಿದ ಅರ್ಧ ಕಿಲೋ ಬೇಳೆ ಕೆಲವೇ ದಿನಗಳ ಸಾರು. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ. ಮನೆಯಲ್ಲಿ ಒಲೆ ಒಂದೇ, ಹಸಿದವರು ಹಲವರು. ತರಕಾರಿಯಂತೂ ಆ ಚೀಲದಲ್ಲಿ ಬರುತ್ತಿರಲಿಲ್ಲ. ಅಡುಗೆಯವರೂ ಬರುತ್ತಿರಲಿಲ್ಲ.

ಆ ಅಡುಗೆಯವರ ಸ್ಥಾನದಲ್ಲಿ ಆಗ ಯಾರಿದ್ದರು ಎಂಬುದನ್ನು ಸದಸ್ಯರು ತಮ್ಮ ವಾರ್ಡಿನಲ್ಲಿ ಗಮನಿಸಬೇಕಿತ್ತು. ಅದು ಕಳೆ ತೆಗೆಯುವ ಕಾಲವಾಗಿತ್ತು. ತಾಯಿ ಬೆಳಿಗ್ಗೆಯೇ ಹೊಲಕ್ಕೋ ಉದ್ಯೋಗ ಖಾತರಿ ಕೆಲಸಕ್ಕೋ ಹೊರಡುತ್ತಿದ್ದಳು. ಮನೆಯಲ್ಲಿ ಉಳಿಯುತ್ತಿದ್ದವರು ಅಜ್ಜಿ ಮತ್ತು ಮಕ್ಕಳು. ಏಳನೇ ತರಗತಿಯ ಹುಡುಗಿ ತಮ್ಮನನ್ನು ಟಿ.ವಿ. ಮುಂದೆ ಕೂರಿಸಿ, ತನ್ನ ಪಾಠದ ಹೊತ್ತಿಗೆ ಅಕ್ಕಿ ತೊಳೆಯುತ್ತಿದ್ದಳು. ಮನೆಮಂದಿಯ ಊಟಕ್ಕೆ ಅವಳ ಗಣಿತದ ಪಾಠ ಬೆಲೆಯಾಗಬಾರದು. ಅವಳೂ ಒಲೆ ಹಚ್ಚದ ಮನೆಗಳಲ್ಲಿ ಮಧ್ಯಾಹ್ನಕ್ಕೆ ಅಂಗಡಿಯ ಐದು ರೂಪಾಯಿಯ ಪೊಟ್ಟಣವೇ ಗತಿಯಾಗಿತ್ತು.

ಬೆಳಗಿನ ಒಂದೇ ಒಲೆಯಲ್ಲಿ ಮಧ್ಯಾಹ್ನಕ್ಕೂ ಆಗುವಂತೆ ಅಡುಗೆ ಮಾಡಿಡುವುದು ಇದಕ್ಕೆ ದಾರಿ. ಹಿರಿಯರು ಹೊಲಕ್ಕೆ ಬುತ್ತಿ ಕಟ್ಟುತ್ತಿದ್ದ ಕ್ರಮವೇ ಇದು. ಮನೆಯಲ್ಲಿರುವ ಮಗುವಿಗೂ ಒಂದು ಬುತ್ತಿ ಕಟ್ಟಿಟ್ಟರಾಯಿತು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪುಂಡಿ ಪಲ್ಯ ಮಧ್ಯಾಹ್ನದವರೆಗೆ ಕೆಡುವುದಿಲ್ಲ. ರಾಗಿಯ ಸೀಮೆಯಲ್ಲಿ ಬೆಳಗಿನ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಲಸಿಕೊಳ್ಳಬಹುದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶವಿದೆ. ಅದೇ ಒಲೆಯ ಮೇಲೆ ಮೊಟ್ಟೆ ಬೇಯಿಸಿಡಬಹುದು. ಮೊಟ್ಟೆ ತಿನ್ನದ ಮನೆಯಲ್ಲಿ ರಾತ್ರಿ ನೆನೆಸಿದ ಹೆಸರುಬೇಳೆಗೆ ಸೌತೆಕಾಯಿ, ತೆಂಗಿನತುರಿ, ನಿಂಬೆರಸ ಸೇರಿಸಿದರೆ ಕೋಸಂಬರಿ ಸಿದ್ಧ. ಇದಕ್ಕೆ ಬೆಂಕಿ ಬೇಡವಾದ್ದರಿಂದ ಹತ್ತು ವರ್ಷದ ಹುಡುಗನೂ ಕಲಸಬಲ್ಲನು, ಅವನೂ ಕಲಸಲಿ. ನಿಂಬೆಯ ಹುಳಿಯಿಂದ ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಊಟದ ಜೊತೆಗೆ ಚಹಾ ಕುಡಿದರೆ ಅದು ಸೇರುವುದು ಕಡಿಮೆಯಾಗುತ್ತದೆ. ಬೇಯಿಸಿದ ಅನ್ನ, ಬೇಳೆಯನ್ನು ಬಹಳ ಹೊತ್ತು ಹಾಗೆಯೇ ಇಡುವುದು ಸರಿಯಲ್ಲ.

ಊಟದ ಹೊತ್ತನ್ನೂ ಗೊತ್ತುಮಾಡಬೇಕು. ಅನೇಕ ಮನೆಗಳಲ್ಲಿ ಮೊಬೈಲ್ ತಂದೆಯ ಜೇಬಿನಲ್ಲಿ ಹೊಲಕ್ಕೆ ಹೋಗಿ, ರಾತ್ರಿ ಎಂಟಕ್ಕೆ ಹಿಂತಿರುಗುತ್ತದೆ. ಆಗ ಅಭ್ಯಾಸ ಬರೆಯಲು ಕುಳಿತ ಮಗು ಉಣ್ಣದೆಯೇ ನಿದ್ದೆ ಹೋಗುವುದುಂಟು. ರಾತ್ರಿಯ ಊಟ ಮೊದಲು, ಮೊಬೈಲ್ ಆಮೇಲೆ ಎಂಬ ಕ್ರಮ ಅಂಥ ಮನೆಗೆ ಒಪ್ಪುತ್ತದೆ. ಊಟ ಮಾಡುವಾಗ ಟಿ.ವಿ. ಆರಿಸಿದರೆ ಮಗು ಎಷ್ಟು ಉಂಡಿತೆಂಬುದು ಅಜ್ಜಿಗಾದರೂ ತಿಳಿಯುತ್ತದೆ.

ಸದಸ್ಯರ ಕೈಯಲ್ಲಿರುವ ಕೆಲಸ ದೊಡ್ಡ ಅನುದಾನ ಬೇಡುವಂಥದ್ದಲ್ಲ. ಶಾಲೆಗಳ ಆವರಣದಲ್ಲಿ ನುಗ್ಗೆ, ಕರಿಬೇವು ಬೆಳೆದು ನಿಂತಿದ್ದರೆ, ಮುಖ್ಯ ಶಿಕ್ಷಕರೊಂದಿಗೆ ಮಾತನಾಡಿ ವಾರಕ್ಕೊಮ್ಮೆ ಆ ಸೊಪ್ಪು ಮಕ್ಕಳ ಮನೆ ಸೇರುವಂತೆ ಮಾಡಬಹುದು. ಪಡಿ ವಿತರಣೆಯ ದಿನವನ್ನು ಮುಂಚಿತವಾಗಿ ಡಂಗುರ ಸಾರಿಸಿದರೆ ಕೂಲಿಗೆ ಹೋಗುವ ತಾಯಂದಿರು ಒಂದು ದಿನದ ಕೂಲಿ ಕಳೆದುಕೊಳ್ಳುವುದಿಲ್ಲ. ಮುಂದಿನ ಮಕ್ಕಳ ಗ್ರಾಮಸಭೆಯಲ್ಲಿ ಹೆಣ್ಣುಮಕ್ಕಳನ್ನು ಎರಡು ಪ್ರಶ್ನೆ ಕೇಳಬೇಕು: ನಿನ್ನೆ ಮಧ್ಯಾಹ್ನ ಮನೆಯಲ್ಲಿ ಅಡುಗೆ ಮಾಡಿದವರು ಯಾರು, ಆ ಹೊತ್ತಿನಲ್ಲಿ ಯಾವ ಪಾಠ ತಪ್ಪಿತು? ಅವರ ಉತ್ತರಗಳನ್ನು ಅವರದೇ ಮಾತಿನಲ್ಲಿ ನಡಾವಳಿ ಪುಸ್ತಕದಲ್ಲಿ ಬರೆಸಿ, ಮುಂದಿನ ಸಾಮಾನ್ಯ ಸಭೆಯ ಮೊದಲ ವಿಷಯವಾಗಿ ಮಂಡಿಸಬೇಕು.