ಡಮಾಮಿಯ ಸದ್ದು

ಕೊಟ್ಟೂರಿನವರಿಗೆ ಜಾತ್ರೆಯೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಗುರು ಬಸವೇಶ್ವರನ ತೇರಿಗೆಂದು ದಾವಣಗೆರೆಯಿಂದ ಕಾಲ್ನಡೆಯಲ್ಲಿ ಬರುವವರ ಸಾಲು ಕಂಡೊಡನೆ ಊರಿಗೆ ಜೀವ ಬರುತ್ತದೆ. ಆಫ್ರಿಕದ ಜನರ ಹಬ್ಬಗಳನ್ನು ಕುರಿತು ಮಾತನಾಡಲು ಬಂದವನು ಕೊಟ್ಟೂರಿನ ತೇರನ್ನೇಕೆ ನೆನೆದನೆಂದು ತಾವು ಕೇಳಬಹುದು. ಆ ಮೂಲದ ಜನರನ್ನು ಕಾಣಲು ಕಡಲು ದಾಟಬೇಕಾಗಿಲ್ಲ; ಹುಬ್ಬಳ್ಳಿಯ ಮೇಲೆ ಹಾಯ್ದು ಯಲ್ಲಾಪುರದ ಕಾಡು ಹೊಕ್ಕರೆ ಸಾಕು.

ಅವರೇ ಸಿದ್ದಿಗಳು. ಪೋರ್ಚುಗೀಸರು ಪೂರ್ವ ಆಫ್ರಿಕದಿಂದ ಗೋವೆಗೆ ತಂದು ಮಾರಿದ ಗುಲಾಮರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಮಕ್ಕಳು ಮರಿಮಕ್ಕಳು ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳಲ್ಲಿದ್ದಾರೆ. ಕೆಲವರು ಹಿಂದೂಗಳು, ಕೆಲವರು ಕ್ರೈಸ್ತರು, ಕೆಲವರು ಮುಸಲ್ಮಾನರು. ಆದ್ದರಿಂದ ದೀಪಾವಳಿಯೂ ಉಂಟು, ಕ್ರಿಸ್‌ಮಸ್ಸೂ ಉಂಟು, ಉರುಸೂ ಉಂಟು. ಆದರೆ ಯಲ್ಲಾಪುರದ ಬಳಿಯ ಸಾತುಂಬೈಲಿನಲ್ಲಿ ಸಿದ್ದಿನಾಸ್ ಎಂಬ ಮೂಲಪುರುಷನ ಪೂಜೆ ನಡೆಯುವಾಗ ಮೂರು ಮತದವರೂ ಕೂಡುತ್ತಾರೆ. ಕಾಡಿನ ನಡುವೆ ಮತಭೇದ ಮರೆಯಿಸುವ ಇಂಥ ಹಬ್ಬ ನಾಡಿನಲ್ಲಿ ಎಷ್ಟಿವೆ, ಹೇಳಿ! ಹಿಂದೂ ಸಿದ್ದಿಗಳ ಮನೆಯಲ್ಲಿ ಹಿರಿಯರ ಹೆಸರಿನಲ್ಲಿ ತೆಂಗಿನಕಾಯಿ ಇಟ್ಟು ಪೂಜಿಸುವರು; ನಾವು ಮಹಾಲಯ ಅಮಾವಾಸ್ಯೆಗೆ ಎಡೆ ಇಡುವುದಿಲ್ಲವೇ, ಹಾಗೆ.

ಸಂತೋಷದ ದಿನ ಡಮಾಮಿ ಹೊರಗೆ ಬರುತ್ತದೆ. ಮರ ಕೊರೆದು ಚರ್ಮ ಬಿಗಿದ ಈ ವಾದ್ಯವನ್ನು ಕುಳಿತು ಕೈಯಿಂದ ಬಡಿದರೆ, ಗಂಡಸರೂ ಹೆಂಗಸರೂ ಸುತ್ತ ಕುಣಿಯುತ್ತಾರೆ. ಹೆಂಗಸರ ಫುಗಡಿಯೇ ಬೇರೆ.

ಈಗ ಡಮಾಮಿ ಸರಕಾರಿ ವೇದಿಕೆಗಳಿಗೂ ಬಂದಿದೆ. ಚಪ್ಪಾಳೆ ಸಿಕ್ಕುತ್ತದೆ. ಆದರೆ ಕುಣಿತ ಮುಗಿಸಿ ಬಸ್ಸು ಹತ್ತಿದ ಹುಡುಗನನ್ನು ಪಕ್ಕದವರು "ಯಾವ ದೇಶದವನಪ್ಪಾ ನೀನು?" ಎಂದು ಕೇಳುವುದು ತಪ್ಪಿಲ್ಲ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದೇ 2003ರಲ್ಲಿ. ಬೆಳಗಾವಿ, ಧಾರವಾಡದವರು 2020ರವರೆಗೆ ಕಾಯಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು.

ಒಂದು ನಾಟಕದ ಮಾತು. ಚಿನುವ ಅಚಿಬೆಯವರ 1958ರ ಕಾದಂಬರಿಯಲ್ಲಿ ಈಬೋ ಜನರು ಹೊಸ ಗೆಣಸಿನ ಹಬ್ಬ ಮಾಡುತ್ತಾರೆ. ಮೊದಲ ಫಲ ದೇವರಿಗೆ, ಹಿರಿಯರಿಗೆ. ಆ ಕಾದಂಬರಿಯನ್ನು ಚಿದಂಬರರಾವ್ ಜಂಬೆಯವರು 'ಕಪ್ಪು ಜನ ಕೆಂಪು ನೆರಳು' ಎಂದು ರಂಗಕ್ಕೆ ತಂದಾಗ ನಟಿಸಿದವರು ಸಿದ್ದಿಗಳೇ. ಕತೆ ಪಶ್ಚಿಮ ಆಫ್ರಿಕದ್ದು, ಇವರ ಪೂರ್ವಜರು ಪೂರ್ವದವರು. ಮಾತು ಮಾತ್ರ ಕನ್ನಡ.

ನಮ್ಮ ಕಡೆಯ ಕೌದಿಯನ್ನು ಸಿದ್ದಿ ಹೆಂಗಸರೂ ಹೊಲಿಯುತ್ತಾರೆ, ಅವರದು ಕವಂದಿ. ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ, ಕೊನೆಗೆ ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ 'ಫೂಲ' ಕೂಡಿಸಬೇಕು. ಫೂಲವಿಲ್ಲದ ಕವಂದಿ ಬೆತ್ತಲೆ ಎನ್ನುತ್ತಾರೆ ಅಲ್ಲಿಯ ಅಜ್ಜಿಯರು.