ಹಿಮ್ಮೇಳವೇ ಮುಂದೆ ಬರಲಿ

(ಹಾಸ್ಟೆಲ್ ವಿದ್ಯಾರ್ಥಿಗಳ ಹಾಡು ಕಟ್ಟುವ ಶಿಬಿರದಲ್ಲಿ ಆಡಿದ ಮಾತು)



ಸಂಗೀತ ಕಲಿಯೋದು ಅಂದರೆ ನಮ್ಮಲ್ಲಿ ಏನು? ಶ್ರುತಿಪೆಟ್ಟಿಗೆ ಮುಂದೆ ಒಬ್ಬನೇ ಕೂತು ಸರಳೆ ವರಸೆ ಹೇಳೋದು. ಆಮೇಲೆ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆ. ಅಲ್ಲೂ ಒಬ್ಬನೇ. ಅದನ್ನು ಕಲಿಯಬೇಡಿ ಅಂತ ನಾನು ಹೇಳುವುದಿಲ್ಲ. ಸಪ್ತಸ್ವರ ಯಾರಪ್ಪನ ಆಸ್ತಿಯೂ ಅಲ್ಲ. ಆದರೆ ಹತ್ತು ಜನ ಕೂತು ಒಂದು ಹಾಡು ಕಟ್ಟೋದು, ಆ ಹಾಡಲ್ಲಿ ಒಂದು ಕತೆ ಹೇಳೋದು, ಇದೂ ಸಂಗೀತವೇ. ದೊಡ್ಡ ತರಗತಿಯಲ್ಲಿ ಕಲಿಸಬೇಕಾದ ವಿದ್ಯೆಯೇ.

ಈ ವಿದ್ಯೆ ನಮ್ಮವರಿಗೆ ಹೊಸದಲ್ಲ. ಚಿಕ್ಕಲ್ಲೂರು ಜಾತ್ರೆಗೆ ಹೋದವರಿಗೆ ಗೊತ್ತು. ನೀಲಗಾರರು ರಾತ್ರಿಯೆಲ್ಲಾ ಮಂಟೇಸ್ವಾಮಿ ಕತೆ ಹಾಡುತ್ತಾರೆ. ತಂಬೂರಿ, ಗಗ್ಗರ, ಡಕ್ಕೆ. ಮುಂದಿನವನು ಸೊಲ್ಲು ಬಿಟ್ಟರೆ ಹಿಮ್ಮೇಳ ಎತ್ತಿಕೊಳ್ಳುತ್ತೆ. ಹಾಡು ನಿಲ್ಲಿಸಿ ಮಾತಲ್ಲಿ ಕತೆ ಹೇಳುತ್ತಾರೆ, ಮತ್ತೆ ಹಾಡಿಗೆ ಬರುತ್ತಾರೆ. ಅಸಹ್ಯ ರೂಪ ತಾಳಿ ಕಲ್ಯಾಣದ ಬಾಗಿಲಿಗೆ ಬಂದು ಶರಣರನ್ನೇ ಪರೀಕ್ಷೆ ಮಾಡಿದ ಮಂಟೇಸ್ವಾಮಿಯ ಕತೆ ಅದು. ಇದನ್ನು ಬರೆದವರು ಯಾರು? ಒಬ್ಬರಲ್ಲ. ಅಕ್ಷರ ಸಿಗದ ತಲೆಮಾರುಗಳು ಬಾಯಿಂದ ಬಾಯಿಗೆ ಕಟ್ಟಿದ ಕಾವ್ಯ.

ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಪುಸ್ತಕವಾಯಿತು. ಪುಸ್ತಕದ ಮೇಲೆ ಒಬ್ಬರ ಹೆಸರಿದ್ದರೂ ಅವರ ಹಾಡುಗಳನ್ನು ಊರೂರಿಗೆ ಹೊತ್ತುಕೊಂಡು ಹೋದದ್ದು ಚಳವಳಿಯ ನೂರಾರು ದನಿಗಳು. 2018ರ ಜನವರಿಯಲ್ಲಿ ಚೆನ್ನೈನಲ್ಲಿ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ತಂಡ ಮೊದಲ ಸಲ ವೇದಿಕೆ ಏರಿತು. ನಿರ್ದೇಶಕ ಪಾ. ರಂಜಿತ್ ಮುಂದಾಗಿ ಕಟ್ಟಿಸಿದ್ದು. ಕೇರಿಗಳ ಸಾವಿನ ಮನೆಯಲ್ಲಿ ಹಾಡುತ್ತಿದ್ದ ಗಾನಾ ಹಾಡುಗಾರರು, ರ‍್ಯಾಪ್ ಹುಡುಗರು ಒಟ್ಟಿಗೆ ನಿಂತು ಮೀಸಲಾತಿಯ ಮೇಲೆ ಹಾಡಿದರು.

ತಮಟೆಯ ಮಾತು ಬಂದರೆ ನಮ್ಮಲ್ಲೇ ಜಗಳ. ಊರವರ ಸಾವಿಗೆ, ಹಬ್ಬಕ್ಕೆ ಬಿಟ್ಟಿಯಾಗಿ ಬಡಿಸಿದ ವಾದ್ಯ ಅದು. ಬಡಿಯಲ್ಲ ಅಂದವರಿಗೆ ಬಹಿಷ್ಕಾರ ಬಿದ್ದಿದೆ. 'ಎಸೆಯಿರಿ ಅದನ್ನು' ಅನ್ನುವ ಅಣ್ಣಂದಿರ ಸಿಟ್ಟು ನ್ಯಾಯವಾದದ್ದು. ಆದರೆ ತಪ್ಪು ತೊಗಲಿನದಲ್ಲ, ಬಡಿಸಿದವರದು. ಆದ್ದರಿಂದ ನಮ್ಮ ಗುಂಪಲ್ಲಿ ಒಂದು ನಿಯಮ ಇರಲಿ. ಹುಟ್ಟಿನಿಂದ ಯಾರೂ ತಮಟೆಯವನಲ್ಲ. ಸರದಿ ಪ್ರಕಾರ ಎಲ್ಲರೂ ಬಡಿಯಬೇಕು, ಎಲ್ಲರೂ ಬರೆಯಬೇಕು, ಎಲ್ಲರೂ ಮುಂದೆ ನಿಂತು ಹಾಡಬೇಕು. ಹುಡುಗಿಯರು ಬರೀ ದನಿಗೂಡಿಸೋದಕ್ಕಲ್ಲ. ಸರದಿ ತಪ್ಪಿದರೆ ನಮ್ಮ ಹಾಡಿನೊಳಗೇ ಜಾತಿ ಬಂದು ಕೂರುತ್ತೆ.

ಇನ್ನು ಕೆಲಸಕ್ಕೆ ಬರೋಣ. ಬಾರದ ಸ್ಕಾಲರ್‌ಶಿಪ್ಪಿನ ಕತೆ ತಗೊಳ್ಳಿ. ಮೊದಲ ದಿನ ಹಾಡಬೇಡಿ, ಕೇಳಿ. ಒಬ್ಬೊಬ್ಬರೂ ತಮಗಾದದ್ದು ಹೇಳಲಿ. ಅವರ ಮಾತನ್ನು ಅವರ ಭಾಷೆಯಲ್ಲೇ ಬರೆದುಕೊಳ್ಳಿ. ಆಮೇಲೆ ದನಿ ಹಂಚಿ. ಒಂದು ದನಿ ಅವ್ವನದು, ಇನ್ನೊಂದು ಗುಮಾಸ್ತನದು. ಅವ್ವನ ಮಾತು ಎಳೆದ ರಾಗದಲ್ಲಿ ಬರಲಿ, ಗುಮಾಸ್ತನದು ದುಡ್ಡೆಣಿಸಿದ ಹಾಗೆ ಚುರುಕಾಗಿ. ಹಿಮ್ಮೇಳ 'ಫೈಲು ಎಲ್ಲಿಗೆ ಹೋಯ್ತಣ್ಣಾ?' ಅಂತ ಕೇಳಲಿ. ಮೊದಲ ಸಲ ಮೆತ್ತಗೆ, ಕಡೇ ಸಲ ಕಚೇರಿ ನಡುಗೋ ಹಾಗೆ. 'ನಾಳೆ ಬಾ' ಅಂದ ಕೂಡಲೇ ತಮಟೆ ಪೂರಾ ನಿಲ್ಲಲಿ. ಆ ಮೌನದಲ್ಲಿ ಕೇಳೋರಿಗೆ ತಾವು ಅಲೆದ ನಾಳೆಗಳೆಲ್ಲಾ ನೆನಪಾಗಬೇಕು.

ಕವಿಗಳಿಗೊಂದು ಮಾತು, ನನ್ನನ್ನೂ ಸೇರಿಸಿ. ಹತ್ತು ಬಾಯಿಗೆ ಒಗ್ಗದ ಸಾಲು ಎಷ್ಟೇ ಚೆಂದ ಇದ್ದರೂ ಹೊಡೆದುಹಾಕಿ. ಹಾಡು ಮುಗಿದ ಮೇಲೆ, ಯಾರ ಕತೆಯೋ ಮೊದಲು ಅವರ ಮುಂದೆ ಹಾಡಿ. 'ಹಿಂಗಲ್ಲ ಕಣಪ್ಪ' ಅಂದರೆ ಬದಲಿಸಿ. ನಮಗೆ ಪರೀಕ್ಷೆ ಮಾಡೋರು ಅವರೇ.

ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿದರೇನೇ ದನಿ ಬಿಗಿಯಾಗೋದು. ನಮ್ಮ ಹಾಡಿಗೆ ಬೇಕಾದ ಬೆಂಕಿ ಈ ಹಾಸ್ಟೆಲಿನ ಒಂದೊಂದು ಹಾಸಿಗೆಯ ಪಕ್ಕದಲ್ಲೂ ಇದೆ. ಒಟ್ಟು ಮಾಡೋಣ, ಬನ್ನಿ.

ಜೈ ಭೀಮ್.