ಕೊನೆಯ ಪ್ರಶ್ನೆ ನಿಮ್ಮದು

ಇಂದು ಪದವಿ ಪಡೆಯುತ್ತಿರುವ ಮಕ್ಕಳೆ,

ನಾನು ಕೊಪ್ಪಳ ಜಿಲ್ಲೆಯ ಸಾಣಾಪುರದವಳು. ಈಗ ಆ ಹೆಸರು ಹೇಳಿದರೆ ಜನರಿಗೆ ಕೆರೆ, ಹರಿಗೋಲು, ಬಂಡೆ ಹತ್ತಿ ಸೂರ್ಯಾಸ್ತ ನೋಡುವ ಪ್ರವಾಸಿಗರು ನೆನಪಾಗುತ್ತಾರೆ. ನನಗೆ ನೆನಪಾಗುವುದು ನಾಟಿಯ ಗದ್ದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆಂದು ಸುದ್ದಿ ಬಂದರೆ ಸಾಕು, ನಮ್ಮವ್ವ ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿಯುತ್ತಿದ್ದಳು. ಸಸಿ ನೆಡುವವರು, ಕಳೆ ಕೀಳುವವರು ಎಲ್ಲರೂ ಹೆಂಗಸರು. ಬದುವಿನ ಮೇಲೆ ನಿಂತು ಕೂಲಿಯ ಲೆಕ್ಕ ಬರೆಯುವವನು ಮಾತ್ರ ಗಂಡಸು. ಒಂದು ಸಂಜೆ ಅವ್ವ ಅವನನ್ನು ಕೇಳಿದಳು: "ಯಪ್ಪಾ, ದಿನಾ ನೆಡಾವ್ರು ನಾವು. ಲೆಕ್ಕದ ಪುಸ್ತಕ ನಮ್ಮೊಳಗ ಒಬ್ಬಾಕಿ ಕೈಯಾಗ ಯಾಕ ಕೊಡಂಗಿಲ್ಲ?" ಅವನು ನಕ್ಕುಬಿಟ್ಟ. ಮರುದಿನ ಅವಳನ್ನು ಕೂಲಿಗೆ ಕರೆಯಲಿಲ್ಲ.

ಹತ್ತು ವರ್ಷಗಳ ನಂತರ ಎಂಜಿನಿಯರಿಂಗ್ ಮುಗಿಸಿ ನಾನು ಒಂದು ಸಂದರ್ಶನಕ್ಕೆ ಹೋದೆ. ಎದುರಿಗೆ ಐವರು, ಐವರೂ ಗಂಡಸರು. ಎಲ್ಲ ಮುಗಿದ ಮೇಲೆ, "ನಿಮ್ಮದೇನಾದರೂ ಪ್ರಶ್ನೆ ಇದೆಯೇ?" ಎಂದರು. "ಇಲ್ಲಿ ವಿಭಾಗದ ಮುಖ್ಯಸ್ಥರಲ್ಲಿ ಹೆಣ್ಣುಮಕ್ಕಳು ಎಷ್ಟು ಜನ ಸರ್?" ಎಂದು ಕೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಮೊದಲು ಕೆಲಸಕ್ಕೆ ಸೇರಮ್ಮ, ಆಮೇಲೆ ಅದೆಲ್ಲ" ಎಂದರು ಹಿರಿಯರೊಬ್ಬರು. ನೇಮಕಾತಿ ಪತ್ರ ಬರಲಿಲ್ಲ. ಆ ಪ್ರಶ್ನೆಯಿಂದಲೇ ತಪ್ಪಿತೋ ಏನೋ, ಹೇಳಲಾರೆ. ಕೇಳಬಾರದಿತ್ತು ಎಂದು ಬಹಳ ದಿನ ಹಳಹಳಿಸಿದ್ದಂತೂ ನಿಜ. ಈಗ ಹಾಗನ್ನಿಸುವುದಿಲ್ಲ.

ಎಷ್ಟು ಜನ ಎಂದು ಎಣಿಸಿ ಕೇಳುವುದು ನಮ್ಮವರಿಗೆ ಹೊಸದಲ್ಲ. ಪ್ರಾದೇಶಿಕ ಅಸಮತೋಲನ ಎಂಬ ಪದವನ್ನು ಕೊಪ್ಪಳ ಜಿಲ್ಲೆಯವರಿಗೆ ಯಾರೂ ಕಲಿಸಬೇಕಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಲೆಕ್ಕ ಹಾಕಿ ತೋರಿಸಿತು. ನಮ್ಮ ಕುಷ್ಟಗಿ, ಯಲಬುರ್ಗಾ ಆ ಪಟ್ಟಿಯಲ್ಲಿದ್ದವು. ನೌಕರಿಯಲ್ಲಿ ನಮ್ಮ ಭಾಗದವರು ಎಷ್ಟು, ಮೇಲಿನ ಹುದ್ದೆಗಳಲ್ಲಿ ಎಷ್ಟು ಎಂದು ಹಿರಿಯರು ಎಣಿಸಿದರು, ಬೀದಿಗಿಳಿದು ಕೇಳಿದರು. ಅದರಿಂದ ನಮ್ಮ ಭಾಗಕ್ಕೆ ಓದು, ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಬಂತು. ನಿಮ್ಮಲ್ಲಿ ಹಲವರು ಈ ಪದವಿಗೆ ಸೇರಿದ್ದರ ಹಿಂದೆಯೂ, ನಾಳೆ ಸರ್ಕಾರಿ ನೌಕರಿಗೆ ಅರ್ಜಿ ಹಾಕುವುದರ ಹಿಂದೆಯೂ ಆ ಎಣಿಕೆ ಇದೆ. ಹಾಗೆ ಎಣಿಸಿದ್ದನ್ನು ನಮ್ಮಲ್ಲಿ ಯಾರೂ ಉದ್ಧಟತನ ಎನ್ನಲಿಲ್ಲ, ಹಕ್ಕು ಎಂದರು. ಅದೇ ಲೆಕ್ಕವನ್ನು ಹೆಣ್ಣುಮಗಳೊಬ್ಬಳು ಸಂದರ್ಶನದಲ್ಲಿ ಕೇಳಿದರೆ ಮಾತ್ರ ಅದು ಹೇಗೆ ಅಧಿಕಪ್ರಸಂಗವಾಗುತ್ತದೆ? ನನಗೆ ಇಂದಿಗೂ ಅರ್ಥವಾಗಿಲ್ಲ.

ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ ಅವರ ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಅವರು, 1949ರಲ್ಲಿ. ಆಯ್ಕೆಯ ಸಂದರ್ಶನದಲ್ಲೇ ಮಂಡಳಿ ಅವರ ಮನಸ್ಸು ತಿರುಗಿಸಲು ನೋಡಿತು. ಈ ಸೇವೆ ಹೆಂಗಸರಿಗೆ ಒಗ್ಗದು ಎಂಬ ಧಾಟಿ. ಅವರು ಬಗ್ಗಲಿಲ್ಲ. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡೇ ಒಳಗೆ ಬಿಟ್ಟರು. ಗಂಡಸರಿಂದ ಅಂಥದ್ದೇನನ್ನೂ ಬರೆಸಿಕೊಳ್ಳಲಿಲ್ಲ. 1970ರಲ್ಲಿ ಹಂಗೆರಿಗೆ ರಾಯಭಾರಿಯಾದರು. ಆದರೂ ಅತ್ಯುನ್ನತ ದರ್ಜೆಗೆ ಬಡ್ತಿಯ ಸರದಿ ಬಂದಾಗ ಅವರನ್ನು ಬದಿಗಿಟ್ಟರು. ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. ಹೆಣ್ಣಾದವಳು ಮದುವೆಗೆ ಮೊದಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರ ಕೆಲಸಕ್ಕೆ ಅಡ್ಡಿ ಎನಿಸಿದರೆ ಮದುವೆಯ ನಂತರ ಅವಳ ರಾಜೀನಾಮೆ ಕೇಳಬಹುದು ಎಂಬ ನಿಯಮ ಅಲ್ಲಿ ಚರ್ಚೆಗೆ ಬಂತು. ವಿಚಾರಣೆ ಹತ್ತಿರವಾಗುತ್ತಿದ್ದಂತೆ ಸರ್ಕಾರ ಅವಸರದಲ್ಲಿ ಬಡ್ತಿ ಕೊಟ್ಟಿತು, ಆ ನಿಯಮವನ್ನೂ ಕೈಬಿಡುವುದಾಗಿ ಹೇಳಿತು. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅರ್ಜಿಯನ್ನು ಅಲ್ಲಿಗೆ ಮುಗಿಸಿದರೂ, ಮುತ್ತಮ್ಮನವರ ಜ್ಯೇಷ್ಠತೆಯನ್ನು ಮರುಪರಿಶೀಲಿಸಿ, ಸೇವಾ ನಿಯಮಗಳಲ್ಲಿರುವ ತಾರತಮ್ಯವನ್ನೆಲ್ಲ ತೊಳೆಯಿರಿ ಎಂದರು. ಸಂದರ್ಶನದ ಕೋಣೆಯಲ್ಲಿ ಎದ್ದ ಮಾತು ಇತ್ಯರ್ಥಕ್ಕೆ ಬರಲು ಮೂವತ್ತು ವರ್ಷ ಹಿಡಿಯಿತು!

ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿದ್ದ ಸುಧಾ ಕುಲಕರ್ಣಿಯವರದು ಇನ್ನೊಂದು ದಾರಿ. 1974ರಲ್ಲಿ ಟಾಟಾ ಸಮೂಹದ ಟೆಲ್ಕೋ ಕಂಪನಿಯ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಎಂದಿದ್ದನ್ನು ಕಂಡು, ಜೆ.ಆರ್.ಡಿ. ಟಾಟಾ ಅವರಿಗೇ ಪೋಸ್ಟ್‌ಕಾರ್ಡ್ ಬರೆದರು. ಪುಣೆಗೆ ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ನಾವು ಸುಧಾ ಮೂರ್ತಿ ಎಂದು ಕರೆಯುವುದು ಅವರನ್ನೇ. ಈ ಕಥೆ ಎಲ್ಲರಿಗೂ ಗೊತ್ತು, ಹೇಳಲು ಸಂತೋಷ. ಆದರೆ ಪೋಸ್ಟ್‌ಕಾರ್ಡ್ ಬರೆದವರಿಗೆಲ್ಲ ಟಾಟಾ ಸಿಗುವುದಿಲ್ಲ ಎಂಬುದನ್ನೂ ನಾನು ನಿಮಗೆ ಹೇಳಬೇಕು.

ಆದ್ದರಿಂದ ಎಲ್ಲ ಹೆಣ್ಣುಮಕ್ಕಳೂ ನಾಳೆಯೇ ಹೋಗಿ, ಮೇಲಿನ ಹುದ್ದೆಗಳಲ್ಲಿ ಹೆಂಗಸರು ಎಷ್ಟು ಎಂದು ಕೇಳಿಬಿಡಿ ಎನ್ನಲಾರೆ. ಮನೆಯಲ್ಲಿ ಸಾಲವಿದೆ, ತಮ್ಮನ ಫೀ ಕಟ್ಟಬೇಕಿದೆ, ಮೊದಲ ಸಂಬಳಕ್ಕೆ ಅವ್ವ ದಾರಿ ಕಾಯುತ್ತಿದ್ದಾಳೆ. ಅಂಥವಳು ಸುಮ್ಮನೆ ಕೆಲಸಕ್ಕೆ ಸೇರಲಿ, ಆರು ತಿಂಗಳ ನಂತರ ಒಳಗಿನಿಂದ ಕೇಳಲಿ. ಅದರಲ್ಲಿ ಹೇಡಿತನವೇನೂ ಇಲ್ಲ. ನಾನು ಇವತ್ತು ಮುಖ್ಯವಾಗಿ ಕೇಳಿಕೊಳ್ಳುವುದು ಗಂಡುಮಕ್ಕಳನ್ನು. ಇದೇ ಪ್ರಶ್ನೆ ನೀವು ಕೇಳಿದರೆ ನಿಮ್ಮನ್ನು ಜಗಳಗಂಟ ಎನ್ನುವುದಿಲ್ಲ, ತಿಳಿದವನು ಎನ್ನುತ್ತಾರೆ. ಇಪ್ಪತ್ತು ವರ್ಷಗಳಿಂದ ನಾನು ಸಂದರ್ಶಕರ ಕುರ್ಚಿಯಲ್ಲಿ ಕೂರುತ್ತಿದ್ದೇನೆ. ಈವರೆಗೆ ಅದನ್ನು ಕೇಳಿದ ಹುಡುಗ ಒಬ್ಬನೇ. ಹನ್ನೊಂದು ಮುಖ್ಯಸ್ಥರಲ್ಲಿ ಹೆಂಗಸರು ಇಬ್ಬರು ಎಂದು ಅವನಿಗೆ ಉತ್ತರಿಸುವಾಗ ನನ್ನ ಪಕ್ಕದ ಸಹೋದ್ಯೋಗಿಗಳು ತಲೆ ತಗ್ಗಿಸಿದ್ದರು. ಮುಂದಿನ ಬಡ್ತಿ ಸಭೆಯಲ್ಲಿ ಆ ಅಂಕಿ ತಾನಾಗಿ ಮೇಜಿನ ಮೇಲೆ ಬಂತು.

ಕೇಳುವಾಗ ಆಡಳಿತ ಮಂಡಳಿಯ ಬಗ್ಗೆ ಕೇಳಬೇಡಿ. ಷೇರುಪೇಟೆಯಲ್ಲಿರುವ ಕಂಪನಿಯ ಮಂಡಳಿಯಲ್ಲಿ ಒಬ್ಬ ಮಹಿಳೆಯಾದರೂ ಇರಲೇಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ, ಅದಕ್ಕೆ ಸಿದ್ಧ ಉತ್ತರ ಇಟ್ಟುಕೊಂಡಿರುತ್ತಾರೆ. ಕಳೆದ ಮೂರು ವರ್ಷಗಳಲ್ಲಿ ಬಡ್ತಿ ಪಡೆದವರಲ್ಲಿ ಹೆಂಗಸರು ಎಷ್ಟು? ಹೆರಿಗೆ ರಜೆ ಮುಗಿಸಿ ಬಂದವರಿಗೆ ಅದೇ ಕುರ್ಚಿ ಸಿಕ್ಕಿತೇ? ಖರ್ಚಿಗೆ ಸಹಿ ಹಾಕುವ ಅಧಿಕಾರ ಯಾರಿಗಿದೆ? ಸಹಿಯ ಪ್ರಶ್ನೆ ನಮ್ಮ ಹಳ್ಳಿಗಳಿಂದ ಕಲಿತದ್ದು. 2010ರಿಂದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳಿಗಿದೆ, ಆದರೂ ಅಧ್ಯಕ್ಷೆಗೆ ಫೋನ್ ಮಾಡಿದರೆ ಗಂಡ ಎತ್ತುವ ಊರುಗಳು ಇನ್ನೂ ಇವೆ.

ಅವ್ವನ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಅವಳನ್ನು ಕೆಲಸಕ್ಕೆ ಕರೆಯದ ಮೂರನೆಯ ದಿನ, ಅವಳ ಜೋಡಿ ನೆಡುತ್ತಿದ್ದ ಹೆಂಗಸರು ಯಾರೂ ಗದ್ದೆಗೆ ಇಳಿಯಲಿಲ್ಲ. ಕಿತ್ತ ಸಸಿ ಬದುವಿನ ಮೇಲೆ ಬಾಡತೊಡಗಿತು. ಸಂಜೆಯ ಹೊತ್ತಿಗೆ ಗದ್ದೆಯ ಒಡೆಯ ತಾನೇ ಮನೆಯ ಮುಂದೆ ಬಂದು ನಿಂತ. ನಮ್ಮವ್ವನಿಗೆ ಓದು ಬರುತ್ತಿರಲಿಲ್ಲ, ಹಾಗಾಗಿ ಅವನು ಒಪ್ಪಿಸಿದ ಲೆಕ್ಕದ ಪುಸ್ತಕವನ್ನು ಏಳನೇ ತರಗತಿಯಲ್ಲಿದ್ದ ನನ್ನ ಕೈಗಿಟ್ಟಳು. ಆ ಹಂಗಾಮಿನಲ್ಲಿ ಶಾಲೆ ಬಿಟ್ಟ ಮೇಲೆ ದಿನವೂ ಬದುವಿನ ಮೇಲೆ ಕುಳಿತು ಇಪ್ಪತ್ಮೂರು ಹೆಂಗಸರ ಕೂಲಿ ಬರೆದೆ.